ಮುಟ್ಟಿ ನೋಡುವ ಚಿತ್ರಗಳು

ಚಿತ್ರ ನೋಡಲು ಎರಡು ಕಣ್ಣು ಸಾಕು ಎಂದು ತಿಳಿದಿದ್ದವಳು ನಾನು. ಏಕನಾಥ ಮಾಸ್ತರರು ಹಾಗೆ ತಿಳಿದಿರಲಿಲ್ಲ. ಧಾರವಾಡದಲ್ಲಿ ಹುಡುಗರಿಗೆ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದ ಆ ಮನುಷ್ಯ ಮೂಗಿನಿಂದ, ನಾಲಗೆಯಿಂದ, ಕಿವಿಯಿಂದ, ಕೈಯಿಂದ ನೋಡುವ ಚಿತ್ರಶಾಲೆಯೊಂದನ್ನು ಹುಬ್ಬಳ್ಳಿಯಲ್ಲಿ ಎಂಟು ದಿನದ ಮಟ್ಟಿಗೆ ಕಟ್ಟಿದರು. ೧೯೬೧ರ ಸಂಕ್ರಾಂತಿ ಮುಗಿದ ವಾರ ಅದು. ಜಾಗ ಕೊಟ್ಟವರು ಅರಳೆ ವ್ಯಾಪಾರದ ಶಾಂತಯ್ಯನವರು. ಹೊಸ ಅರಳೆ ಪೇಟೆಗೆ ಬರಲು ಇನ್ನೂ ತಿಂಗಳಿತ್ತು. ಅರಳೆ ತುಂಬಿಡುವ ಅವರ ವಖಾರಿ ಖಾಲಿ ಬಿದ್ದಿತ್ತು.

ನನ್ನ ಗಂಡ ಸಿದ್ದಲಿಂಗಪ್ಪ ಅದೇ ಶಾಂತಯ್ಯನವರ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅರಳೆ ನೋಡುವ ಕೆಲಸದಲ್ಲಿದ್ದರು. ನೋಡುವುದೆಂದರೆ ನೀವು ನಾವು ನೋಡುವಂತಲ್ಲ. ಗಾಡಿಯಲ್ಲಿ ಬಂದ ಅರಳೆಯೊಳಗೆ ಮೊಣಕೈತನಕ ಕೈ ಹಾಕಿ ಒಂದು ಹಿಡಿ ಹೊರಗೆ ತೆಗೆಯಬೇಕು. ಎರಡೂ ಕೈಗಳ ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು, ಮಡಚಿ, ಮತ್ತೆ ಎಳೆದು, ಎಳೆಗಳೆಲ್ಲ ಒಂದೇ ಕಡೆ ಮುಖ ಮಾಡುವವರೆಗೂ ಬಿಡಬಾರದು. ಆಮೇಲೆ ಎಳೆ ಎಷ್ಟುದ್ದ, ಎಷ್ಟು ಗಟ್ಟಿ, ತೂಕಕ್ಕೆಂದು ನೀರು ಚಿಮುಕಿಸಿದ್ದಾರೋ ಇಲ್ಲವೋ, ಎಲ್ಲ ಬೆರಳೇ ಹೇಳಬೇಕು. ಸಿದ್ದಲಿಂಗಪ್ಪ ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಇದು ಹೆಬ್ಬಳ್ಳಿ ಹೊಲದ್ದು, ಇದು ಅಲ್ಲ ಎಂದು ಹೇಳುತ್ತಾನೆ ಎಂಬ ಮಾತು ಪೇಟೆಯಲ್ಲಿತ್ತು. ನನಗೆ ಅದರ ಜಂಬವೂ ಇತ್ತು. ಇಲ್ಲವೆಂದರೆ ಸುಳ್ಳಾದೀತು.

ಆ ಬೆರಳುಗಳು ಮೂರು ವರ್ಷದಿಂದ ಸಾಯುತ್ತಿದ್ದವು. ಮೊದಲು ಮುಂಗೈ ಮೇಲೆ ಮಾಸಲು ಮಚ್ಚೆಯೊಂದು ಎದ್ದಿತು. ಆಮೇಲೆ ಕಿರುಬೆರಳು ಜೋಮು ಹಿಡಿಯಿತು, ಬಿಡಲೇ ಇಲ್ಲ. ಒಂದು ಮುಂಜಾನೆ ಅವರು ಕುದಿಯುವ ಹಾಲಿನ ಬೋಗುಣಿಯನ್ನು ಬರಿಗೈಯಲ್ಲಿ ಒಲೆಯಿಂದ ಇಳಿಸಿದರು. ಚೀರಿದವಳು ನಾನು, ಅವರು ಯಾಕೆ ಚೀರಿದಿ ಎಂದು ನನ್ನ ಮುಖ ನೋಡಿದರು. ಮನೆದೇವರಿಗೆ ಹೋಗಿಬರುತ್ತೇವೆ ಎಂದು ಓಣಿಗೆಲ್ಲ ಸುಳ್ಳು ಹೇಳಿ, ಗುರುತಿನವರು ಯಾರೂ ಇಲ್ಲದ ಊರಿನ ದವಾಖಾನೆಗೆ ಹೋದೆವು. ಡಾಕ್ಟರರು ಗುಳಿಗೆ ಕೊಟ್ಟರು. ರೋಗ ಇಲ್ಲಿಗೇ ನಿಲ್ಲುತ್ತದೆ, ಮನೆಯವರು ಹೆದರಬೇಕಿಲ್ಲ, ಆದರೆ ಹೋದ ಸ್ಪರ್ಶ ತಿರುಗಿ ಬರುವುದಿಲ್ಲ ಎಂದರು. ನಮ್ಮ ಕಡೆ ಕುಷ್ಠಕ್ಕೆ ದೊಡ್ಡ ರೋಗ ಎನ್ನುತ್ತಾರೆ. ಡಾಕ್ಟರರ ಮಾತನ್ನು ಪೇಟೆಯಲ್ಲಿ ಯಾರು ಕೇಳುತ್ತಾರೆ? ಆ ಹೆಸರು ಒಮ್ಮೆ ಹೊರಬಿದ್ದರೆ ನಮ್ಮ ಮನೆಯ ನೀರನ್ನೂ ಯಾರೂ ಮುಟ್ಟುವುದಿಲ್ಲ.

ತಿರುಗಿ ಬರುವಾಗ ರೈಲಿನಲ್ಲಿ ಅವರೇ ನನಗೆ ಸಮಾಧಾನ ಹೇಳಿದರು.

"ಬ್ಯಾರೆ ಏನೂ ತಿಳೀವಲ್ದು, ಖರೇ. ಆದ್ರ ಅರಳಿ ಒಂದು ತಿಳೀತೈತಿ. ಅದು ಬೆರಳಿನ ಒಳಗ ಇಳದೈತಿ. ನೀ ಚಿಂತಿ ಮಾಡಬ್ಯಾಡ."

ನಾನು ನಂಬಿದೆ. ಅವರು ಈ ಸುಗ್ಗಿಗೂ ಅಂಗಡಿಯ ಗಾದಿಯ ಮೇಲೆ ಕೂತು ಅರಳೆ ನೋಡಿದರೆ ಅನ್ನವೂ ಉಳಿಯಿತು, ಗುಟ್ಟೂ ಉಳಿಯಿತು. ನನಗೆ ಬೇಕಿದ್ದದ್ದು ಅಷ್ಟೇ.

ಚಿತ್ರಶಾಲೆಗೆ ತಮ್ಮ ಅಂಗಡಿಯವರೆಲ್ಲ ಮನೆಮಂದಿಯ ಸಮೇತ ಬರಬೇಕೆಂದು ಶಾಂತಯ್ಯನವರು ಹೇಳಿ ಕಳಿಸಿದರು. "ನನಗ ಚಿತ್ರಾ ಗಿತ್ರಾ ತಿಳ್ಯಾಂಗಿಲ್ಲ, ನಾ ಒಲ್ಲೆ" ಎಂದು ನಮ್ಮವರು ಮುಖ ತಿರುಗಿಸಿದರು. ಹೋಗದಿದ್ದರೇ ಸಾವುಕಾರರಿಗೆ ಸಂಶಯ ಬರುತ್ತದೆ ಎಂದು ನಾನು ಗಂಟುಬಿದ್ದೆ. ಅದು ನೆಪ. ಕಮರಿಪೇಟೆಯ ಎರಡು ಕೋಣೆಯ ಮನೆಯಲ್ಲಿ ಗುಟ್ಟು ಕಾಯುತ್ತ ಕೂತು ಕೂತು ನನಗೆ ಸಾಕಾಗಿತ್ತು, ಒಂದು ದಿನವಾದರೂ ನಾಲ್ಕು ಮಂದಿಯ ನಡುವೆ ನಗಬೇಕೆನಿಸಿತ್ತು.

ವಖಾರಿಯಲ್ಲಿ ಗೋಣಿತಟ್ಟು ಕಟ್ಟಿ ಐದು ಕೋಣೆ ಮಾಡಿದ್ದರು. ಬಾಗಿಲಲ್ಲಿ 'ಮುಟ್ಟಿರಿ' ಎಂದು ದಪ್ಪ ಅಕ್ಷರದ ಹಲಗೆ. ಮೊದಲ ಕೋಣೆಯ ಚಿತ್ರಗಳಿಗೆ ಬಣ್ಣದ ಜೊತೆ ಉಸುಕು, ಹೊಟ್ಟು, ಕಂಬಳಿಯ ಚೂರು ಮೆತ್ತಿದ್ದರು. ಎರಡನೆಯದರಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಗಡಿಗೆಗಳು. ಮೂಸಿ ಹೆಸರು ಹೇಳಬೇಕು. ಇಂಗು, ದವನ, ಸೀಮೆಎಣ್ಣೆ, ಹಸಿಮಣ್ಣು, ನಾನು ಒಂದನ್ನೂ ತಪ್ಪಲಿಲ್ಲ.

"ಮಾಸ್ತರ, ಇದೆಲ್ಲಾ ನಮ್ಮ ಅಡಗಿಮನ್ಯಾಗ ದಿನಾ ಇರೂದ. ಅಲ್ಲೂ ಒಂದು ಹಲಗಿ ಬರದು ಹಾಕ್ರಿ" ಎಂದೆ.

ಏಕನಾಥ ಮಾಸ್ತರರು ನಕ್ಕು, "ಬರ್ತೀನ್ರಿ ವೈನಿ, ಊಟಕ್ಕ ಕರೀರಿ ಮತ್ತ" ಎಂದರು. ರುಚಿಯ ಕೋಣೆಯಲ್ಲಿ ಕಣ್ಣು ಮುಚ್ಚಿಸಿ ಬೇವು, ಹುಣಸೆ, ಪೇಡೆಯ ಚೂರು ನಾಲಗೆಯ ಮೇಲಿಟ್ಟರು. ಕಿವಿಯ ಕೋಣೆಯಲ್ಲಿ ನಮ್ಮವರದೇ ಮೇಲುಗೈ. ಕಂಚಿನ ಗಂಟೆ, ಎತ್ತಿನ ಗೆಜ್ಜೆ, ಅರಳೆ ಬಡಿಯುವ ಬಿಲ್ಲಿನ ಹೆದೆ, ಒಂದೊಂದನ್ನೂ ಥಟ್ಟನೆ ಹೇಳಿದರು. ಮಂದಿ ಚಪ್ಪಾಳೆ ಹೊಡೆದಾಗ ಅವರು ನಕ್ಕರು. ಎಷ್ಟು ತಿಂಗಳಾಗಿತ್ತೋ ಆ ನಗು ನೋಡಿ. ನಾನು ಕರೆತಂದದ್ದು ಛಲೋ ಆಯಿತೆಂದು ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡೆ.

ಕೊನೆಯದು ಕೈಯ ಕೋಣೆ. ನಡುವೆ ಕರಿ ಪರದೆ, ಅದರಲ್ಲಿ ಎರಡು ಕಿಂಡಿ. ಆಚೆ ಸ್ಟೂಲಿನ ಮೇಲೆ ಕೂತವರು ಕಿಂಡಿಯಲ್ಲಿ ಕೈ ಚಾಚಬೇಕು. ಈಚೆ ನಿಂತ ನಮಗೆ ಆ ಕೈಗಳು ಮಾತ್ರ ಕಾಣುತ್ತವೆ. ಮಾಸ್ತರರ ವಿದ್ಯಾರ್ಥಿನಿ ಸುಹಾಸಿನಿ ಎಂಬ ಹುಡುಗಿ ಆ ಕೈಗಳಿಗೆ ಒಂದೊಂದೇ ವಸ್ತು ಇಡುತ್ತಿದ್ದಳು. ಅಂಗಡಿಯಲ್ಲಿ ತೂಕ ಮಾಡುವವನೊಬ್ಬ ಎಣ್ಣೆ ಸವರಿದ ಬದನೆಕಾಯಿ ಹಿಡಿದು "ಇಲಿ! ಇಲಿ!" ಎಂದು ಹೌಹಾರಿ ಎದ್ದ. ವಖಾರಿ ಹಾರಿಹೋಗುವಂತೆ ಎಲ್ಲರೂ ನಕ್ಕರು.

"ಸಿದ್ದಲಿಂಗಪ್ಪಾ, ಈಗ ನಿನ್ನ ಪಾಳಿ" ಎಂದರು ಶಾಂತಯ್ಯನವರು. "ನಮ್ಮ ಅಂಗಡಿ ಮರ್ಯಾದಿ ಉಳಸು!"

ನಮ್ಮವರು ನನ್ನತ್ತ ನೋಡಿದರು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ಪರದೆಯ ಆಚೆ ಹೋದರು. ಕಿಂಡಿಯಿಂದ ಆ ಎರಡು ಕೈ ಹೊರಬಂದವು.

ಸುಹಾಸಿನಿ ಮೊದಲು ಕಬ್ಬಿಣದ ತೂಕದ ಕಲ್ಲು ಇಟ್ಟಳು. ಕೈ ಕುಗ್ಗಿತು. "ತೂಕದ ಕಲ್ಲು" ಎಂದರು. ಭಾರ ರಟ್ಟೆಗೆ ತಿಳಿದಿತ್ತು. ಆಮೇಲೆ ಬಡಿಗೇರರು ಕಟ್ಟಿಗೆಗೆ ತಿಕ್ಕುವ ಉಸುಕಿನ ಕಾಗದ ಇಟ್ಟಳು. ಬಹಳ ಹೊತ್ತು ಸವರಿ "ರೇಶ್ಮಿ" ಎಂದರು. ಕಂಬಳಿಗೆ "ಕಾಗದ" ಎಂದರು. ಮಂದಿ ನಕ್ಕರು. ಶಾಂತಯ್ಯನವರೂ ನಕ್ಕರು, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ. "ಏನೋ ಇದು, ಬೆರಳ ಮನ್ಯಾಗ ಇಟ್ಟು ಬಂದೀಯೇನು?" ಎಂದರು. ಅವರ ಕಣ್ಣು ಆ ಕೈಯ ಮೇಲಿದ್ದ ಸುಟ್ಟ ಕಲೆಯ ಕಡೆಗೆ ಹೋಗುವುದನ್ನು ನಾನು ನೋಡಿದೆ.

ಆಗಲೇ ನಾನು ಆ ಕೆಲಸ ಮಾಡಿದೆ. ಮಾಡಬಾರದಿತ್ತು. ನನ್ನ ಕೈಯಲ್ಲಿದ್ದ ಅವರ ಕೋಟಿನ ಜೇಬಿನಲ್ಲಿ ಎಂದಿನಂತೆ ಕಾಗದದಲ್ಲಿ ಸುತ್ತಿದ ಅರಳೆಯ ಮಾದರಿ ಇತ್ತು, ಹೆಬ್ಬಳ್ಳಿಯದೇ. ಅದನ್ನು ತೆಗೆದು ಸುಹಾಸಿನಿಯ ಕೈಯಲ್ಲಿಟ್ಟು, ಇದನ್ನು ಇಡು ಎಂದು ಸನ್ನೆ ಮಾಡಿದೆ. ಅರಳೆ ಒಂದು ತಿಳಿಯುತ್ತದಲ್ಲ! ಅದನ್ನು ಸರಿಯಾಗಿ ಹೇಳಿದರೆ ಮಿಕ್ಕದ್ದೆಲ್ಲ ತಮಾಷೆಯಾಗಿ ಹೋಗುತ್ತದೆ, ಸಾವುಕಾರರ ಸಂಶಯ ಅಲ್ಲಿಗೇ ಅಳಿಯುತ್ತದೆ ಎಂದು ನನ್ನ ಲೆಕ್ಕ.

ಅರಳೆ ನೋಡಿದ್ದೇ ಎಲ್ಲರಿಗೂ ಹುರುಪು ಬಂತು. ಶಾಂತಯ್ಯನವರು ಬಾಯಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿ, "ಈಗ ಊರ ಹೆಸರನ್ನೂ ಹೇಳತಾನ ನೋಡ್ರಿ" ಎಂದು ಪಿಸುಗುಟ್ಟಿದರು.

ಸುಹಾಸಿನಿ ಆ ಬೊಗಸೆಯಲ್ಲಿ ಅರಳೆ ಇಟ್ಟಳು. ನಾವು ಕಾದೆವು. ಕೈಗಳು ಅಲುಗಲಿಲ್ಲ. ಬೊಗಸೆ ಹಾಗೇ ತೆರೆದುಕೊಂಡೇ ಇತ್ತು.

"ಮುಂದಿಂದು ಇಡವಾ ತಂಗಿ" ಎಂದರು ಪರದೆಯ ಆಚೆಯಿಂದ. "ಯಾಕ ತಡಾ ಮಾಡಾಕತ್ತಿ?"

ಹುಡುಗಿ ನನ್ನ ಮುಖ ನೋಡಿದಳು. "ಆಗಲೇ ಇಟ್ಟೀನ್ರಿ ಕಾಕಾ" ಎಂದಳು.

ಬೆರಳುಗಳು ಗಾಬರಿಯಿಂದ ಮುಚ್ಚಿಕೊಂಡವು, ತೆರೆದವು. ಅರಳೆ ಕೆಳಗೆ ಉದುರಿತು. ಅದು ಹೋದ ಮೇಲೂ ಅವರು ಒಂದು ಕೈಯಿಂದ ಇನ್ನೊಂದನ್ನು ತಡಕುತ್ತಿದ್ದರು. "ಏನೈತವಾ? ಕೈ ಖಾಲಿ ಅದಾವಲ್ಲ?"

ಹಿಂದೆ ನಿಂತವರು ಇದೂ ತಮಾಷೆ ಎಂದು ಗೊಳ್ಳೆಂದು ನಕ್ಕರು. ಶಾಂತಯ್ಯನವರು ನಗಲಿಲ್ಲ. ಪರದೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ಅವರು ಕೆಟ್ಟವರೆಂದು ಇಂದಿಗೂ ನಾನು ಹೇಳಲಾರೆ. ನಮ್ಮವರು ಹೊರಗೆ ಬಂದು, ನೆಲದ ಮೇಲೆ ಬಿದ್ದ ಅರಳೆ ನೋಡಿ ನಿಂತಾಗ ಶಾಂತಯ್ಯನವರು ಮೆಲ್ಲಗೇ ಮಾತಾಡಿದರು.

"ಈ ಸುಗ್ಗಿಗೆ ಆರಾಮ ತಗೊ ಸಿದ್ದಲಿಂಗಪ್ಪಾ. ಅಂಗಡಿ ಕಡೆ ಬರಬ್ಯಾಡ. ನಾನ ಹೇಳಿ ಕಳಸ್ತೇನಿ."

ನನ್ನ ಕೈಯಿಂದ ಕೋಟು ಇಸಿದುಕೊಂಡು ಹೆಗಲಿಗೇರಿಸಿಕೊಳ್ಳಲು ಹೋದ ನಮ್ಮವರಿಗೆ ಸಹಾಯ ಮಾಡಲು ಒಬ್ಬನ ಕೈಯೂ ಮುಂದೆ ಬರಲಿಲ್ಲ. ನಗು ಆಗಲೇ ನಿಂತಿತ್ತು.

ನಾವು ನಡೆದುಕೊಂಡೇ ಹೊರಟೆವು. ಬಿಸಿಲು ಚುರುಗುಟ್ಟುತ್ತಿತ್ತು. ಬಹಳ ದೂರ ಬಂದ ಮೇಲೆ ನಾನು ಬಾಯಿ ಬಿಟ್ಟೆ.

"ಅರಳಿ ಒಂದು ತಿಳೀತೈತಿ ಅಂದಿದ್ರಲ್ರೀ."

"ಎರಡು ವರ್ಷಾತು ಅದೂ ಹೋಗಿ. ಕಣ್ಣೀಲೆ ನೋಡಿ, ಎಳಿಯುವಾಗ ಕಿವಿಗೆ ಹಿಡದು ಸಪ್ಪಳಾ ಕೇಳಿ ಹೇಳಾಕತ್ತಿದ್ದೆ. ನೀ ಹೆದರತಿ ಅಂತ ಹಂಗ ಅಂದೆ." ಆಮೇಲೆ ಕೇಳಿದರು: "ಅರಳಿ ಇಡಾಕ ನೀನ ಕೊಟ್ಟೀಯೇನು?"

"ಹೌದ್ರಿ, ನಾನ."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟಾದರೂ ಹಗುರಾಗುತ್ತಿತ್ತು. ಎರಡು ವರ್ಷ ಅವರು ಒಬ್ಬರೇ ಹೊತ್ತು ಕಾಪಾಡಿದ್ದನ್ನು ನಾನು ಒಂದು ಹಿಡಿ ಅರಳೆಯಿಂದ ಮುಗಿಸಿಬಿಟ್ಟಿದ್ದೆ.

ಕಮರಿಪೇಟೆಯ ತಿರುವಿಗೆ ಬಂದಾಗ ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸಿ ನಮ್ಮತ್ತ ನೋಡಿದರು. ಒಬ್ಬ ಹೆಂಗಸು ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು. ನಮ್ಮವರ ಹೆಜ್ಜೆ ನಿಂತಿತು.

"ಮಂದಿ ಯಾಕ ಹಿಂಗ ನೋಡಾಕತ್ತಾರ?" ಎಂದರು. "ಇಷ್ಟ ಲಗೂ ಸುದ್ದಿ ಬಂತೇನು ಇಲ್ಲೀಮಟಾ?"

ಸುದ್ದಿ ಇನ್ನೂ ಬಂದಿರಲಿಲ್ಲ. ವಖಾರಿಯ ಬಾಗಿಲು ದಾಟಿದಾಗಿನಿಂದ ನಾನು ಅವರ ಕೈ ಹಿಡಿದುಕೊಂಡು ನಡೆಯುತ್ತಿದ್ದೆ. ಹಾಡುಹಗಲು ನಡುಬೀದಿಯಲ್ಲಿ ಗಂಡನ ಕೈ ಹಿಡಿದು ನಡೆದ ಹೆಂಗಸನ್ನು ನಮ್ಮ ಓಣಿ ಅಂದಿನವರೆಗೆ ಕಂಡಿರಲಿಲ್ಲ.

"ಇಲ್ರೀ, ಏನಿಲ್ಲ, ನಡೀರಿ" ಎಂದು ಮೆಲ್ಲಗೆ ಕೈ ಬಿಟ್ಟೆ. ಅದೂ ಅವರಿಗೆ ತಿಳಿಯಲಿಲ್ಲ.