ನುಡಿಯದ ಕೀ

ನನ್ನ ಗಂಡ ಉಮಾಕಾಂತರ ಕೀಬೋರ್ಡಿನಲ್ಲಿ ಒಂದು ಕೀ ಸತ್ತಿತ್ತು. ಎಷ್ಟು ಒತ್ತಿದರೂ ಸದ್ದಿಲ್ಲ. 2011ರಲ್ಲಿ ನಾವು ಪರ್ತ್‌ನಲ್ಲಿದ್ದಾಗ, ಪಕ್ಕದ ಫ್ರೀಮ್ಯಾಂಟಲ್‌ನಲ್ಲಿ ಜನರನ್ನು ಕುಣಿಸುವ ಹಾಡುಗಳ ಒಂದು ಫಂಕ್ ಬ್ಯಾಂಡಿಗೆ ಇವರು ಅದರಲ್ಲೇ ನುಡಿಸುತ್ತಿದ್ದರು. ಆ ಸ್ವರ ಬರಬೇಕಾದ ಕಡೆ ತುಸು ನಿಂತು, ಮುಂದಿನ ಸ್ವರಕ್ಕೆ ಹಾರುತ್ತಿದ್ದರು. ಕೀ ಸರಿಯಿಲ್ಲ ಎಂದು ಗೊಣಗಿದಾಗಲೆಲ್ಲ, “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ” ಎಂದು ಛೇಡಿಸುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಜನ ಹುಚ್ಚೆದ್ದು ಕುಣಿದದ್ದು ಆ ನಿಲುಗಡೆಗೇ. ಬ್ಯಾಂಡಿನವರು ಬ್ರಿಸ್ಬೇನಿಗೆ ಹೋಗಿ, ಆ ನಿಲುಗಡೆಯನ್ನೂ ಹಾಗೇ ಇಟ್ಟು ಆಲ್ಬಂ ಮಾಡಿದರು. ಕವರಿನಲ್ಲಿ ಡ್ರಮ್ಮರ್‌ನ ನಾಯಿಗೂ ಥ್ಯಾಂಕ್ಸ್ ಇತ್ತು, ಇವರ ಹೆಸರಿರಲಿಲ್ಲ. “ಮುಂದಿನ ಪ್ರಿಂಟಲ್ಲಿ ಹಾಕ್ತಾರಂತೆ ಬಿಡೇ” ಎಂದರು ಇವರು. ಅಷ್ಟರಲ್ಲಿ ನನಗೆ ಅಡಿಲೇಡಿನ ಬೆಡ್‌ಫರ್ಡ್ ಪಾರ್ಕ್ ಬಡಾವಣೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಇವರು ಬ್ಯಾಂಡ್ ಬಿಟ್ಟು ನನ್ನ ಹಿಂದೆ ಬಂದರು. ಇಲ್ಲಿ ಮದುವೆಗಳಲ್ಲಿ ಊಟದ ಹೊತ್ತಿಗೆ ನುಡಿಸಿದರು. ವಾಲ್ಯೂಮ್ ಕಡಿಮೆ ಮಾಡಿ ಎನ್ನುವುದರ ಹೊರತು ಯಾರೂ ಏನೂ ಹೇಳಲಿಲ್ಲ.

2018ರಲ್ಲಿ ಅದೇ ಬ್ಯಾಂಡು ಅಡಿಲೇಡಿನ ಪಾರ್ಕೊಂದಕ್ಕೆ ಮಧ್ಯಾಹ್ನದ ಶೋಗೆ ಬಂತು. ಇವರು ಶರ್ಟಿಗೆ ತಾವೇ ಇಸ್ತ್ರಿ ಹಾಕಿಕೊಂಡರು.

“ನನ್ನ ನೋಡಿದ್ರೆ ಸ್ಟೇಜಿಗೆ ಕರೀತಾರೆ ಕಣೇ. ಒಂದ್ಸಲ ಹೆಸರು ಹೇಳಿದ್ರೆ ಸಾಕು.”

ಮುಂದಿನ ಸಾಲಿನಲ್ಲೇ ನಿಂತೆವು. ಹಾಡುಗಾರ ನಮ್ಮತ್ತ ನೋಡಿ ನಕ್ಕ. ಎಲ್ಲರತ್ತಲೂ ಹಾಗೇ ನಗುತ್ತಿದ್ದ.

ಕೀಬೋರ್ಡಿನಲ್ಲಿ ಉತ್ತಮ್ ಎಂಬುವನಿದ್ದ, ನಮ್ಮೂರಿನದೇ ಮಾಸನ್ ಲೇಕ್ಸ್‌ನ ಕನ್ನಡದವರ ಹುಡುಗ. ವಾದ್ಯ ಹೊಚ್ಚ ಹೊಸದು, ಒಂದು ಕೀಯೂ ಕೆಟ್ಟಿರಲಿಲ್ಲ. ಆದರೂ ಹಳೆಯ ಹಾಡಿನ ಆ ಜಾಗ ಬಂದಾಗ ಅವನೂ ತುಸು ನಿಂತು, ಮುಂದಿನ ಸ್ವರಕ್ಕೆ ಹಾರಿದ. ಜನ ಕೇಕೆ ಹಾಕಿದರು. ಕೊನೆಗೆ ಹಾಡುಗಾರ ಬ್ಯಾಂಡಿನವರೆಲ್ಲರ ಹೆಸರು ಕೂಗಿದ, ಇವರದೊಂದನ್ನು ಬಿಟ್ಟು.

ಶೋ ಮುಗಿದ ಮೇಲೆ ಇವರು ವೇದಿಕೆಯ ಬಳಿ ಹೋಗಿ, “ಒಂದ್ನಿಮಿಷ ನುಡಿಸ್ಲಾ?” ಎಂದು ಉತ್ತಮ್‌ನನ್ನು ಕೇಳಿದರು. ಅವನು ಜಾಗ ಬಿಟ್ಟ. ಇವರು ಅದೇ ಹಾಡನ್ನು ನುಡಿಸಿದರು, ಆದರೆ ಈ ಸಲ ನಿಲ್ಲಲಿಲ್ಲ. ಅಂದು ಬಾರದಿದ್ದ ಸ್ವರವನ್ನು ಒತ್ತಿದರು. ಅದು ನುಡಿಯಿತು. ಇವರ ಕಣ್ಣು ತುಂಬಿತು.

“ವೆರಿ ಕ್ಲೋಸ್, ಅಂಕಲ್,” ಎಂದ ಹುಡುಗ. “ಬಟ್ ಅಲ್ಲಿ ಆ ನೋಟ್ ಇಲ್ಲ. ಆಲ್ಬಂ ಸರಿಯಾಗಿ ಕೇಳಿ.”

ನಾನು ಬಾಯಿ ತೆರೆದೆ. ಇವರು ನನ್ನ ಕೈ ಅದುಮಿದರು.

“ಆಯ್ತಪ್ಪ, ಕೇಳ್ತೀನಿ.”

ಅಂದಿನಿಂದ ಇವರು ಕೀಬೋರ್ಡ್ ಮುಟ್ಟಿಲ್ಲ. ಒಗೆದ ಬಟ್ಟೆಯನ್ನು ನಾನು ಅದರ ಮೇಲೇ ರಾಶಿ ಹಾಕುತ್ತೇನೆ, ಒಂದು ದಿನವಾದರೂ ಸಿಟ್ಟಿನಿಂದ ಬೈಯಲಿ ಎಂದು. ಇವರು ಸುಮ್ಮನೆ ಬಂದು, ಅಲ್ಲೇ ನಿಂತು ಬಟ್ಟೆ ಮಡಚುತ್ತಾರೆ.