ಬಿಟ್ಟುಕೊಟ್ಟ ತಾರೀಖು

ನಮ್ಮ ಫೋಟೋಗ್ರಾಫರ್‌ಗಳ ಸಂಘಕ್ಕೆ ನಾನು ಹನ್ನೊಂದು ವರ್ಷದಿಂದ ಕಾರ್ಯದರ್ಶಿ. ಬೇರೆ ಯಾರೂ ಆಗಲು ಒಪ್ಪಲಿಲ್ಲ, ಅದೊಂದೇ ನನ್ನ ಅರ್ಹತೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲ ಸೇರಿ ನೂರಾ ನಲವತ್ತು ಮಂದಿ ಸದಸ್ಯರು, ಅವರಲ್ಲಿ ಹೆಂಗಸರು ಮೂವರು. ಹಾರ ತರುವುದು, ಮೈಕಿನವನಿಗೆ ಹೇಳುವುದು, ಅಧ್ಯಕ್ಷರ ಭಾಷಣ ಬರೆದುಕೊಡುವುದು, ಆಮೇಲೆ ಅದೇ ಭಾಷಣಕ್ಕೆ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆಯುವುದು, ಎಲ್ಲ ನನ್ನ ಪಾಲಿಗೇ.

ಈ ವರ್ಷ ದಸರೆ ಮುಗಿಯುತ್ತಿದ್ದಂತೆ ರಾಜ್ಯ ಮಹಾಮಂಡಳದಿಂದ ಹದಿನಾಲ್ಕು ಪುಟದ ಸುತ್ತೋಲೆ ಬಂತು. ಸಂಘಗಳು ಇನ್ನು ಮುಂದೆ ಎಲ್ಲರನ್ನೂ ಒಳಗೊಳ್ಳುವ ಭಾಷೆಯನ್ನೇ ಬಳಸಬೇಕಂತೆ. ಕ್ಯಾಮೆರಾಮನ್ ಅನ್ನಬಾರದು, ಛಾಯಾಗ್ರಾಹಕರು ಅನ್ನಬೇಕು. ಕುಂಟ, ಕುರುಡ ಅನ್ನಬಾರದು. ವಿಧವೆ ಅನ್ನಬಾರದು, ಸಂಗಾತಿಯನ್ನು ಕಳೆದುಕೊಂಡವರು ಅನ್ನಬೇಕು. ಇಂಥ ಸದಸ್ಯರನ್ನು ವಾರ್ಷಿಕ ಸಮಾರಂಭದಲ್ಲಿ ಗುರುತಿಸಿ, ಸನ್ಮಾನಿಸಿ, ಫೋಟೋ ಕಳಿಸಿದ ಸಂಘಕ್ಕೆ ಪ್ರಶಸ್ತಿ. ಓದಿ ನನಗೆ ಸಿಟ್ಟು ಬರಲಿಲ್ಲ. ಮಾತುಗಳು ಒಳ್ಳೆಯವೇ ಇದ್ದವು. ಮುಧೋಳದ ಪಾಂಡಪ್ಪನನ್ನು ನಾವು ಇಪ್ಪತ್ತು ವರ್ಷ ಕುಂಟ ಪಾಂಡ್ಯಾ ಅಂತಲೇ ಕರೆದವರು. ಅವನು ನಗುತ್ತಿದ್ದ. ನಗು ಬಂದು ನಗುತ್ತಿದ್ದನೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ಆದರೆ ಈ ವಯಸ್ಸಿನಲ್ಲಿ ಹದಿನಾಲ್ಕು ಪುಟ ಕಂಡರೆ ನನಗೆ ಮೊದಲು ಬರುವುದು ನಿದ್ದೆ.

ಅಧ್ಯಕ್ಷರು ತಾತ್ಯಾಸಾಹೇಬರು, ಜಮಖಂಡಿಯಲ್ಲಿ ದೊಡ್ಡ ಸ್ಟುಡಿಯೋ ಇಟ್ಟವರು. ಮನುಷ್ಯ ಒಳ್ಳೆಯವರು, ಪ್ರಶಸ್ತಿ ಅಂದರೆ ಮಾತ್ರ ಅವರಿಗೆ ಹಿಂದುಮುಂದು ಕಾಣುವುದಿಲ್ಲ.

"ಬಸವಕುಮಾರ, ನಮ್ಮಾಗ ಅಂಥಾವ್ರು ಯಾರ್ಯಾರ ಅದಾರ ನೋಡಿ ಪಟ್ಟಿ ಮಾಡು," ಎಂದರು.

ಪಟ್ಟಿ ಮಾಡಿದೆ. ಎರಡೇ ಹೆಸರು. ಒಂದು ಪಾಂಡಪ್ಪ, ಇನ್ನೊಂದು ತೇರದಾಳದ ಕ್ಷಮಾ.

ಕ್ಷಮಾಳ ಗಂಡ ನೇಮಿರಾಜ ನಮ್ಮ ಸಂಘದವನೇ. ನಾಲ್ಕು ವರ್ಷದ ಹಿಂದೆ ಮದುವೆಯೊಂದನ್ನು ಮುಗಿಸಿ ಬರುವಾಗ, ರಸ್ತೆ ಬದಿಗೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಬಡಿದು ಹೋದ. ಬ್ಯಾಗಿನಲ್ಲಿದ್ದ ಕ್ಯಾಮೆರಾಕ್ಕೆ ಏನೂ ಆಗಿರಲಿಲ್ಲ. ವರ್ಷ ಕಳೆಯುವುದರೊಳಗೆ ಅವಳು ಅದನ್ನು ಹಿಡಿಯಲು ಕಲಿತಳು, ನಿಜ ಹೇಳಬೇಕೆಂದರೆ ಗಂಡನಿಗಿಂತ ಚೆನ್ನಾಗಿ ಕಲಿತಳು. ಆದರೆ ತೇರದಾಳದಲ್ಲಿ ಅವಳನ್ನು ಕರೆಯುವುದು ಶಾಲೆಯ ಗ್ರೂಪ್ ಫೋಟೋಕ್ಕೆ, ಅವಳ ಅಂಗಡಿಗೆ ಬರುವುದು ಅರ್ಜಿಗೆ ಹಚ್ಚುವ ಫೋಟೋಕ್ಕೆ. ಮದುವೆಗೆ ಯಾರೂ ಕರೆಯುವುದಿಲ್ಲ. ಹಾಗಾಗಿ ಅವಳು ಮದುವೆ ಹಿಡಿಯುವುದು ಅಷ್ಟು ದೂರದ ಬೀಳಗಿ ಸೀಮೆಯಲ್ಲಿ. ಹೋಗುವಾಗ ಹಣೆಗೆ ಕುಂಕುಮ, ಕೈಗೆ ಹಸಿರು ಬಳೆ. ಅಲ್ಲಿ ಯಾರೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಸಂಘದಲ್ಲಿ ನಮಗೆಲ್ಲ ಗೊತ್ತಿತ್ತು, ಒಬ್ಬನೂ ಬಾಯಿ ಬಿಟ್ಟಿರಲಿಲ್ಲ. ಯಾವ ಸುತ್ತೋಲೆಯೂ ಇಲ್ಲದೆ ನಮ್ಮ ಸಂಘ ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು.

ಸಮಾರಂಭಕ್ಕೆ ಎರಡು ದಿನ ಇರುವಾಗ ಅವಳು ರಬಕವಿಯ ನನ್ನ ಅಂಗಡಿಗೆ ಬಂದಳು. ನೀರು ಕೊಟ್ಟೆ, ಕುಡಿಯಲಿಲ್ಲ.

"ಅಣ್ಣಾರ, ಪಟ್ಟಿಯಾಗಿಂದ ನನ್ನ ಹೆಸರು ತಗೀರಿ."

"ಯಾಕ ತಂಗಿ, ಸನ್ಮಾನ ಬ್ಯಾಡೇನು?"

"ಸನ್ಮಾನಕ್ಕ ಯಾರ ಒಲ್ಲೆ ಅಂತಾರ್ರಿ? ಛಲೋ ಫೋಟೋ ತಗೀತಾಳಂತ ಕರೀರಿ, ಓಡಿ ಬರ್ತೇನಿ. ಗಂಡ ಇಲ್ಲಂತ ಕರೀಬ್ಯಾಡ್ರಿ. ತುಳಸಿ ಲಗ್ನ ಆದ ಮ್ಯಾಲಿನ ಏಳು ಮದವಿ ತಾರೀಖು ಹಿಡದೇನಿ. ಎಲ್ಲಾ ಬೀಳಗಿ ಕಡೇವು. ಗೊತ್ತಾತಂದ್ರ ಒಂದೂ ಉಳಿಯೂದಿಲ್ಲ. ಮಗಳು ಧನಶ್ರೀ ಈ ವರ್ಷ ಹತ್ತನೇ ಇಯತ್ತೆ ಅದಾಳ, ಮುಂದ ಓದಸಬೇಕು."

"ವಿಧವಾ ಅಂತ ಎಲ್ಲೂ ಹಾಕೂದಿಲ್ಲವಾ. ಆ ಶಬ್ದಾನ ತಗದ ಹಾಕ್ಯಾರ."

ಅವಳು ನನ್ನ ಮುಖವನ್ನೇ ನೋಡಿದಳು. "ಶಬ್ದ ತಗದ್ರ ನಾ ಮುತ್ತೈದಿ ಆಗ್ತೇನೇನ್ರಿ?"

ಅಧ್ಯಕ್ಷರಿಗೆ ಹೇಳುತ್ತೇನೆ ಎಂದೆ. ಅವಳು ಹೋದ ಮೇಲೆ ಫೋನ್ ಹಚ್ಚಿದೆ.

"ಆಕೀನ್ನ ತಗದ್ರ ಉಳಿದಾಂವ ಪಾಂಡಪ್ಪ ಒಬ್ಬನ," ಎಂದರು ತಾತ್ಯಾಸಾಹೇಬರು. "ಒಬ್ಬನ್ನ ತೋರಿಸಿದ್ರ ಪ್ರಶಸ್ತಿ ಕೊಡ್ತಾರೇನು? ಅಂಜಬ್ಯಾಡಂತ ಹೇಳು. ಈಗಿನ ಕಾಲದಾಗ ಯಾರ ನೋಡ್ತಾರೋ ಅದನ್ನೆಲ್ಲಾ."

ಸಮಾರಂಭದ ಫ್ಲೆಕ್ಸಿನ ಫೈಲು ನನ್ನ ಕಂಪ್ಯೂಟರಿನಲ್ಲೇ ಇತ್ತು. ಅವಳ ಹೆಸರು, ಫೋಟೋ ಅಳಿಸಲು ಎರಡು ನಿಮಿಷ ಸಾಕು. ಅಳಿಸಿದರೆ ಎಲ್ಲವನ್ನೂ ಮತ್ತೆ ಹೊಂದಿಸಬೇಕು, ತಾತ್ಯಾಸಾಹೇಬರ ಮಾತು ಕೇಳಬೇಕು, ಅವಳ ಬದಲಿಗೆ ಇನ್ನೊಬ್ಬರನ್ನು ಎಲ್ಲಿಂದಲೋ ಹುಡುಕಿ ತರಬೇಕು. ಸಾಕಪ್ಪ ಸಾಕು ಎನಿಸಿತು. ಸುತ್ತೋಲೆ ಹೇಳಿದ ಹಾಗೆ 'ಸಂಗಾತಿಯನ್ನು ಕಳೆದುಕೊಂಡರೂ ಕ್ಯಾಮೆರಾ ಕೈಬಿಡದ ಸಾಧಕಿ' ಎಂದು ಬರೆದೆ. ಬರೆದು, ಅವಳಿಗೆ ಉಪಕಾರ ಮಾಡಿದವನಂತೆ ಸಮಾಧಾನಪಟ್ಟು, ಪ್ರಿಂಟಿಗೆ ಕಳಿಸಿ ಮನೆಗೆ ಹೋಗಿ ಊಟ ಮಾಡಿದೆ. ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ, ದಣಿದು ಮಾಡಿದೆ. ಅನುಭವಿಸುವವರಿಗೆ ಎರಡೂ ಒಂದೇ.

ಸಮಾರಂಭಕ್ಕೆ ಅವಳು ಬರಲಿಲ್ಲ. ಪಾಂಡಪ್ಪ ಬಂದ, ಮೊದಲ ಸಲ 'ಪಾಂಡಪ್ಪ ಅವರೇ' ಎಂದು ಕರೆಸಿಕೊಂಡು ವೇದಿಕೆ ಹತ್ತಿದ, ಕಣ್ಣು ಒರೆಸಿಕೊಂಡ. ಕ್ಷಮಾಳ ಶಾಲನ್ನು ಅವಳ ಪರವಾಗಿ ನಾನೇ ಹೊದ್ದುಕೊಂಡೆ. ಚಪ್ಪಾಳೆ ಜೋರಾಗಿಯೇ ಬಿತ್ತು. ಮರುದಿನ ಪೇಪರಿನಲ್ಲಿ ಬಂತು, ಅದಕ್ಕೂ ಮೊದಲೇ ವಾಟ್ಸಾಪಿನಲ್ಲಿ ನಾಲ್ಕೂ ಕಡೆ ಸುತ್ತಿಯಾಗಿತ್ತು.

ನಾಲ್ಕನೆಯ ದಿನ ನನಗೊಂದು ಫೋನ್. ಬೀಳಗಿ ಹತ್ತಿರದ ಬಾಡಗಂಡಿಯ ಅಂದಾನೆಪ್ಪ, ಕಬ್ಬು ಬೆಳೆಯುವ ದೊಡ್ಡ ರೈತ.

"ನಮ್ಮ ಮಗಳು ಗಂಗಾಂಬಿಕಾನ ಮದವಿ ಐತ್ರಿ. ಫೋಟೋಕ್ಕ ಕ್ಷಮಾಬಾಯಾರಿಗೆ ಹೇಳಿದ್ವಿ. ಪೇಪರಿನ್ಯಾಗ ಓದಿ ನನ್ನ ಹೆಂಡ್ತಿ ಕಣ್ಣಾಗ ನೀರ ತಂದ್ಲು ನೋಡ್ರಿ. ಪಾಪ, ಬಾಳ ಛಲೋ ಹೆಣ್ಮಗಳು." ದನಿ ಇಳಿಸಿದರು. "ಆದ್ರ ಮದವಿ ಕೆಲಸ. ಮದುಮಕ್ಕಳ ಮ್ಯಾಲೆ ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ ಎದುರಿಗೆ ಆಕಿ... ಮನ್ಯಾಗ ಹಿರ್ಯಾರ ಅದಾರ್ರಿ. ಆಕೀಗೆ ಹೇಳಾಕ ನಮಗ ಬಾಯಿ ಬರವಲ್ದು. ನೀವ ಮಾತಾಡಿ, ನೀವ ಬಂದಬಿಡ್ರಿ."

ನಮ್ಮ ಸಂಘದಲ್ಲಿ ಬರೆದಿಡದ ಕಟ್ಟಳೆಯೊಂದಿದೆ. ಒಬ್ಬರು ಹಿಡಿದ ತಾರೀಖನ್ನು ಅವರೇ ಬಾಯಿಬಿಟ್ಟು ಬಿಟ್ಟುಕೊಡದೆ ಇನ್ನೊಬ್ಬರು ಮುಟ್ಟುವಂತಿಲ್ಲ. ಫೋನಿನಲ್ಲಿ ಕೇಳಲು ನಾಚಿಕೆಯಾಗಿ ತೇರದಾಳಕ್ಕೆ ಹೋದೆ. ಶಾಲನ್ನೂ ಒಯ್ದಿದ್ದೆ, ಮೂರ್ಖ.

ಏಳರಲ್ಲಿ ಐದು ಮನೆಯವರು ಆಗಲೇ ಒಲ್ಲೆ ಎಂದಿದ್ದರು. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಶಾಲನ್ನು ಕುರ್ಚಿಯ ಮೇಲಿಟ್ಟು, "ತಾರೀಖು ಬಿಟ್ಟೇನ್ರಿ," ಎಂದಳು. ಬಿಟ್ಟುಕೊಡುವಾಗ ನಾವೆಲ್ಲ ಹೇಳುವ ಮಾತೇ ಅದು. ಆಮೇಲೆ, ಕೆಲಸ ಒಪ್ಪಿಸುವವರ ಹಾಗೆ ಒಂದೊಂದೇ ಹೇಳತೊಡಗಿದಳು.

"ನಿಶ್ಚಯದಾಗ ನೋಡೇನಿ, ಹುಡುಗೀದು ಒಂದು ಹಲ್ಲು ಸೊಟ್ಟ ಐತಿ, ನಗಾಕ ನಾಚತಾಳ. ನಗು ನಗು ಅನಬ್ಯಾಡ್ರಿ. ಸುಮ್ಮನ ಮಾತಾಡಸ್ರಿ, ತಾನ ನಗತಾಳ. ಅಜ್ಜಿಗೆ ಕಿವಿ ಕೇಳೂದಿಲ್ಲ, ಮುಟ್ಟಿ ಕರೀರಿ. ಅಕ್ಕಿಕಾಳಿನ ಹೊತ್ತಿಗೆ ನೀವು ಎದುರಿಗೇ ನಿಂದರ್ರಿ, ಛಲೋ ಬರ್ತಾವ. ನಾ ಯಾವತ್ತೂ ನಿಂತಿಲ್ಲ."

"ಅಂದ್ರ?"

"ದೂರದ ಲೆನ್ಸ್ ಹಾಕ್ಕೊಂಡು ಎಲ್ಲಾರ ಹಿಂದ ನಿಂತು ತಗೀತಿದ್ದೆ. ಅವರಿಗೆ ಗೊತ್ತಿರಲಿಲ್ಲ. ನನಗ ಗೊತ್ತಿತ್ತಲ್ರಿ."

ಚಹಾ ಮಾಡಿ ಕೊಟ್ಟಳು, ಕುಡಿದೆ.

ಮದುವೆ ಬೀಳಗಿಯ ಕಲ್ಯಾಣ ಮಂಟಪದಲ್ಲಿ. ಬೆಳಿಗ್ಗೆ ಮದುಮಗಳ ಕೋಣೆಗೆ ಹೋದೆ, ಅಂದಾನೆಪ್ಪನವರೇ ಕರೆದುಕೊಂಡು ಹೋದರು. ಗಂಗಾಂಬಿಕಾ ನನ್ನ ಹಿಂದೆ ಬಾಗಿಲ ಕಡೆ ನೋಡಿದಳು.

"ಕ್ಷಮಾಕ್ಕಾರ ಎಲ್ರಿ?"

ಅವಳಿಗೆ ಯಾರೂ ಹೇಳಿಯೇ ಇರಲಿಲ್ಲ. ಅಪ್ಪ ನನ್ನ ಮುಖ ನೋಡಿದರು. "ಆಕೀಗೆ ಆರಾಮಿಲ್ಲವಾ. ಜ್ವರ ಬಂದಾವ," ಎಂದುಬಿಟ್ಟೆ.

"ಫೋನ್ ಹಚ್ಚಿ ಕೊಡ್ರಿ, ಒಂದ ಮಾತ ಆಡ್ತೇನಿ. ನನ್ನ ಮದವಿಗೆ ಆಕೀನ ಬೇಕಂತ ಹಟ ಹಿಡದಾಕಿ ನಾ."

ಬೇಡ ಎನ್ನಲು ನೆಪ ಹೊಳೆಯಲಿಲ್ಲ. ಅವಳ ಕೈಗಳು ಬಳೆಗಾರ್ತಿಯ ಕೈಯಲ್ಲಿದ್ದವು. ನಾನೇ ಸ್ಪೀಕರ್ ಹಾಕಿ ಫೋನ್ ಹಿಡಿದೆ.

"ಅಕ್ಕಾರ, ಯಾಕ ಬರಲಿಲ್ರಿ?"

"ಜ್ವರ ಬಂದಾವ ನಮ್ಮವ್ವಾ," ಎಂದಳು ಕ್ಷಮಾ. "ನಿನ್ನಿಂದ ಹಾಸಗಿ ಬಿಟ್ಟು ಎದ್ದಿಲ್ಲ."

ನಾನು ಯಾವ ಸುಳ್ಳು ಹೇಳಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ತಾನಾಗಿಯೇ ಅದೇ ಸುಳ್ಳು ಹೇಳಿದಳು.

"ಬಸವಕುಮಾರಣ್ಣಾರು ನನಕಿಂತ ಛಲೋ ತಗೀತಾರ. ಅಳಬ್ಯಾಡ, ಕಾಡಿಗಿ ಇಳೀತೈತಿ."

ಅಷ್ಟರಲ್ಲಿ ಫೋನಿನೊಳಗಿಂದ ಯಾವುದೋ ಹೆಂಗಸಿನ ದನಿ ಕೇಳಿತು. "ಅಕ್ಕಾರ, ನನ್ನ ಫೋಟೋ ತಗದ ಕೊಡ್ರಿ, ಬಸ್ಸಿಗೆ ಹೊತ್ತಾತು." ಕೂಡಲೇ ಫೋನ್ ಕಟ್ಟಾಯಿತು.

ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತ್ತು. ಬಳೆಗಾರ್ತಿ ಕೈ ನಿಲ್ಲಿಸಿದಳು. ಗಂಗಾಂಬಿಕಾ ಅಪ್ಪನ ಕಡೆ ನೋಡಿದಳು. ಅಂದಾನೆಪ್ಪ ಕಿಟಕಿಯ ಕಡೆ ತಿರುಗಿದರು. ಆಮೇಲೆ ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಖರೆ ಹೇಳ್ರಿ ಕಾಕಾ. ಆಕಿ ಬರಲಿಲ್ಲೋ, ನಾವ ಬ್ಯಾಡಂದಿವೋ?"

ಹೇಳಬಹುದಿತ್ತು. ಮದುವೆಯ ದಿನ, ಹೊರಗೆ ವಾಲಗ, ಪಕ್ಕದಲ್ಲಿ ಅಪ್ಪ. ನನ್ನ ಬಾಯಿಗೆ ಬಂದದ್ದು ಮೂವತ್ತು ವರ್ಷದಿಂದ ಹೇಳುತ್ತ ಬಂದ ಮಾತು ಮಾತ್ರ.

"ಈ ಕಡೆ ನೋಡು ತಂಗಿ," ಎಂದು ಕ್ಯಾಮೆರಾ ಎತ್ತಿದೆ.

ಅವಳು ನೋಡಿದಳು. ಆ ಫೋಟೋವನ್ನು ನಾನು ಆಲ್ಬಮ್ಮಿಗೆ ಹಾಕಲಿಲ್ಲ.