ಕೌದಿ ಹಾಸುವಷ್ಟು ನೆಲ

ದ್ರಾಕ್ಷಾಯಿಣಿ ಟಿವಿ ನೋಡುವುದನ್ನು ಬಿಡುತ್ತಾಳಂತೆ ಎಂದಾಗ ಓಣಿಯಲ್ಲಿ ಯಾರೂ ನಂಬಲಿಲ್ಲ. ನಂಬುವಂಥ ಮಾತೂ ಆಗಿರಲಿಲ್ಲ ಅದು. ಯಲಬುರ್ಗಾ ಕಡೆಯ ಈ ಮಂಗಳೂರಿನಲ್ಲಿ, ಅಂದರೆ ಸಮುದ್ರವಿಲ್ಲದ, ಬರೀ ಎರೆಹೊಲವೂ ಬಿಸಿಲೂ ಇರುವ ಮಂಗಳೂರಿನಲ್ಲಿ, ಹಿಂದಿನ ಸಂಜೆ ಧಾರಾವಾಹಿಯಲ್ಲಿ ಏನಾಯಿತೆಂದು ತಿಳಿಯಬೇಕಾದರೆ ಹೆಂಗಸರು ನಳದ ಹತ್ತಿರ ಅವಳನ್ನೇ ಕೇಳುತ್ತಿದ್ದರು. ಅವಳು ಸುಮ್ಮನೆ ಹೇಳುವವಳಲ್ಲ. ಅತ್ತೆಯ ಕೊಂಕು, ಸೊಸೆಯ ಬಿಕ್ಕು, ನಡುವೆ ಬರುವ ವಾದ್ಯದ ಸದ್ದು ಎಲ್ಲವನ್ನೂ ಆಡಿ ತೋರಿಸುತ್ತಿದ್ದಳು. ಕೊಡ ತುಂಬಿ ಹರಿದರೂ ಯಾರಿಗೂ ಖಬರು ಇರುತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು ಹಮೀದಾಬಿಯ ತಲೆಯ ಮೇಲಿದ್ದ ಗಂಟಿನಿಂದ. ಹಮೀದಾಬಿ ಊರೂರು ತಿರುಗಿ ಬಳೆ ಇಡಿಸುವವಳು. ಎಲ್ಲಿ ಬಸುರಿ, ಎಲ್ಲಿ ಬಾಣಂತಿ ಎಂಬುದು ಅವಳಿಗೆ ಗೊತ್ತಿಲ್ಲದೆ ಇರುವುದಿಲ್ಲ. ಕುಷ್ಟಗಿಯ ವಿಜಯಲಕ್ಷ್ಮಿಯ ಮಗಳು ಹೆತ್ತಿದ್ದಳು. ಕೂಸಿನೊಂದಿಗೆ ಗಂಡನ ಮನೆಗೆ ಕಳಿಸುವಾಗ ತವರಿನ ಕೌದಿ ಕೊಡಬೇಕು, ಅದೂ ತೀರಿಹೋದ ತನ್ನ ಅವ್ವನ ಸೀರೆಗಳದ್ದೇ ಆಗಬೇಕು ಎಂಬುದು ವಿಜಯಲಕ್ಷ್ಮಿಯ ಆಸೆ. ಆ ಸೀರೆಗಳ ಗಂಟನ್ನೇ ಹಮೀದಾಬಿ ಹೊತ್ತು ತಂದಿದ್ದಳು. ಅಂಗಡಿಯ ರಗ್ಗುಗಳು ಬೇಕಾದಷ್ಟು ಸಿಗುತ್ತವೆ, ಕೌದಿ ಹೊಲಿಯುವ ಕೈ ಸಿಗಬೇಕಲ್ಲ.

"ಈ ಓಣ್ಯಾಗ ಕೌದಿ ಹೊಲಿಯೋರು ಯಾರರ ಅದಾರೇನವಾ?" ಎಂದು ಹಮೀದಾಬಿ ಬಾಗಿಲಲ್ಲಿ ನಿಂತು ಕೇಳಿದಳು.

"ನಾ ಹೊಲೀತೀನಿ ನೋಡಕ್ಕ," ಅಂದಳು ದ್ರಾಕ್ಷಾಯಿಣಿ. ಕನಕಗಿರಿಯ ತವರಿನಲ್ಲಿ ಲಂಗ ಉಡುವ ವಯಸ್ಸಿಗೇ ಅವಳು ಅವ್ವನ ಎದುರು ಕೂತು ಸೂಜಿ ಹಿಡಿದವಳು.

ಅವಳ ಗಂಡ ಬಾಲಪ್ಪ ದನದ ದವಾಖಾನೆಯಲ್ಲಿ ಜವಾನ. ಟಿವಿ ಮುಂದೆ ಕಾಲು ಚಾಚಿ ಕೂತಿದ್ದವನು ತಲೆಯನ್ನೂ ತಿರುಗಿಸದೆ ನಕ್ಕ. "ಈಕೀನ? ಹಮೀದಾಬಿ, ಗಂಟು ಬ್ಯಾರೆ ಕಡೆ ಒಯ್ಯಿ. ಈಕಿ ಜಾಹೀರಾತು ಬಂದಾಗ ಒಂದೊಂದು ಹೊಲಿಗಿ ಹಾಕ್ತಾಳ. ಕೌದಿ ಮುಗಿಯೂದ್ರಾಗ ಆ ಕೂಸಿಗೆ ಮೀಸಿ ಬಂದಿರ್ತಾವ. ಟಿವಿ ನೋಡೂದು ಬಿಟ್ರ ಈಕಿಗೆ ಮತ್ತೇನು ಬರ್ತೈತಿ?"

ಅತ್ತೆ ಗಾಳೆಮ್ಮ ನಕ್ಕಳು. ಧಾರಾವಾಹಿ ನೋಡಲು ಬಂದು ಕೂತಿದ್ದ ನೆರೆಯವರೂ ನಕ್ಕರು. ಹಮೀದಾಬಿ ಕೂಡ ಸೆರಗು ಬಾಯಿಗೆ ಒತ್ತಿಕೊಂಡಳು. ದಿನವಿಡೀ ಬೇರೆಯವರ ಹೊಲದಲ್ಲಿ ಕಳೆ ತೆಗೆದು, ಬಂದು ರೊಟ್ಟಿ ಬಡಿದು, ಆಮೇಲೆ ಎರಡು ತಾಸು ಟಿವಿ ನೋಡಿದ್ದಕ್ಕೆ ತನ್ನ ಇಡೀ ಬಾಳು ಅಷ್ಟೇ ಎಂದು ಈ ಮನುಷ್ಯ ಹೊರಗಿನವರ ಎದುರು ಹೇಳಿಬಿಟ್ಟನಲ್ಲ! ದ್ರಾಕ್ಷಾಯಿಣಿಗೆ ನಖಶಿಖಾಂತ ಉರಿಯಿತು. ಹೋಗಿ ಹಮೀದಾಬಿಯ ತಲೆಯ ಮೇಲಿನ ಗಂಟನ್ನು ತಾನೇ ಇಳಿಸಿಕೊಂಡಳು.

"ಇವತ್ತಿನಿಂದ ನನ್ನ ಸಂಜಿ ಕೌದಿಗೆ. ಐತವಾರ ಮಧ್ಯಾಹ್ನ ಒಂದು ತಾಸು ಟಿವಿ ನೋಡ್ತೀನಿ, ಅಷ್ಟ."

ಹಮೀದಾಬಿಯ ನಗು ನಿಂತಿತು. ಅವಳು ದನಿ ತಗ್ಗಿಸಿದಳು. "ತಂಗಿ, ಸತ್ತ ಹಿರೇರ ಸೀರಿ ಅದಾವ. ಹಾಳಾದ್ರ ಮತ್ತ ಬರೂದಿಲ್ಲ. ನನ್ನ ಮಾತಿನ ಮ್ಯಾಲ ಕೊಟ್ಟಾರ. ಛಲೋ ಆತಂದ್ರ ಇಂಥಾ ಮನಿ ಭಾಳ ಅದಾವ, ನಿನಗ ಕೆಲಸ ತಪ್ಪೂದಿಲ್ಲ. ಕೆಡ್ತಂದ್ರ ಯಾರೂ ನಿನ್ನ ಹೆಸರು ಎತ್ತೂದಿಲ್ಲ."

"ಕೆಡೂದಿಲ್ಲ, ನಡಿ," ಅಂದಳು ದ್ರಾಕ್ಷಾಯಿಣಿ.

ಅಂದುಬಿಟ್ಟಳು, ಸರಿ. ಆದರೆ ಕೌದಿ ಎಂದರೆ ಮೂಲೆಯಲ್ಲಿ ಕೂತು ಹೆಣೆಯುವ ಸ್ವೆಟರಲ್ಲ. ಸೀರೆಗಳನ್ನು ಪದರು ಪದರಾಗಿ ನೆಲದ ಮೇಲೆ ಹಾಸಬೇಕು, ಸುಕ್ಕಿಲ್ಲದಂತೆ ನಾಲ್ಕೂ ಕಡೆ ಎಳೆಯಬೇಕು, ಆಮೇಲೆ ಅಂಚಿನಿಂದ ಒಳಮುಖವಾಗಿ ಸುತ್ತು ಸುತ್ತು ಹೊಲಿಯುತ್ತ ಬರಬೇಕು. ಅಷ್ಟು ಅಗಲದ ನೆಲ ಆ ಮನೆಯಲ್ಲಿ ಪಡಸಾಲೆ ಬಿಟ್ಟು ಬೇರೆಲ್ಲೂ ಇರಲಿಲ್ಲ. ಪಡಸಾಲೆಯಲ್ಲಿ ಟಿವಿ ಇತ್ತು. ಟಿವಿಯ ಮುಂದೆ ಗಾಳೆಮ್ಮ, ಬಾಲಪ್ಪ ಮತ್ತು ಅರ್ಧ ಓಣಿ ಇತ್ತು.

"ಸ್ವಲ್ಪ ಸರೀರಿ, ಜಾಗ ಸಾಲವಲ್ದು," ಅಂದರೆ ಬಾಲಪ್ಪ ಕೂತಲ್ಲಿಂದಲೇ, "ಕುಣಿಲಾರದಾಕಿ ನೆಲ ಡೊಂಕಂದ್ಳಂತ," ಎನ್ನುತ್ತಿದ್ದ. ಎಲ್ಲರೂ ಮತ್ತೆ ನಗುತ್ತಿದ್ದರು.

ಕೊನೆಗೆ ಅವಳು ಟಿವಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ಕೌದಿಯ ಅರ್ಧವನ್ನು ಮಡಚಿಟ್ಟು ಹೊಲಿಯತೊಡಗಿದಳು. ಕಣ್ಣನ್ನು ಗೋಡೆಗೆ ಕೊಟ್ಟರೂ ಕಿವಿಯನ್ನು ಎಲ್ಲಿಡುವುದು? ಯಾವ ಬಾಗಿಲು ತೆರೆಯಿತು, ಯಾರು ಬಂದು ನಿಂತರು ಎಂದು ಅವಳಿಗೆ ಸದ್ದಿನಿಂದಲೇ ತಿಳಿಯುತ್ತಿತ್ತು. ತಿಳಿದಾಗ ಕತ್ತಿನ ನರ ತಾನಾಗಿ ಹಿಂದಕ್ಕೆ ಎಳೆಯುತ್ತಿತ್ತು. ಮನೆಯವರ ನಗೆಗಿಂತ ತನ್ನದೇ ಈ ಕತ್ತಿನ ಮೇಲೆ ಅವಳಿಗೆ ಹೆಚ್ಚು ಸಿಟ್ಟು. ಹಲ್ಲು ಕಚ್ಚಿ ಹೊಲಿದಳು. ನಳದ ಹತ್ತಿರ ಕೇಳಿದವರಿಗೆ, "ನನಗ ಗೊತ್ತಿಲ್ಲ, ನಿಮ್ಮ ಮನ್ಯಾಗ ಟಿವಿ ಇಲ್ಲೇನು?" ಎಂದು ಕೊಡ ಎತ್ತಿಕೊಂಡು ಬಂದಳು.

ಹಾಗೆ ದಿನ ನಡೆಯುತ್ತಿದ್ದಾಗ ಧಾರಾವಾಹಿಯಲ್ಲಿ ಮದುವೆ ಬಂತು. ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತಿದ್ದ ಮದುವೆ. ತಾಳಿ ಕಟ್ಟುವ ಹೊತ್ತಿಗೆ ಮಂಟಪದ ಬಾಗಿಲಲ್ಲಿ ಯಾರೋ "ನಿಲ್ಲಿಸಿ!" ಎಂದು ಕೂಗಿದರು. ಪಡಸಾಲೆಯೆಲ್ಲ ಉಸಿರು ಹಿಡಿಯಿತು. ದ್ರಾಕ್ಷಾಯಿಣಿಯ ಕತ್ತು ತಿರುಗಿಯೇ ತಿರುಗಿತು. ಕೈ ಮಾತ್ರ ನಿಲ್ಲಲಿಲ್ಲ. ಹೊಲಿಯುವ ಕೈ ಅದು, ಕಣ್ಣಿನ ಹಂಗಿಲ್ಲದೆ ತನ್ನ ಪಾಡಿಗೆ ಹೊಲಿಯುತ್ತ ಹೋಯಿತು.

ಜಾಹೀರಾತು ಬಂದಾಗ ಎಚ್ಚರವಾಗಿ, ನೀರು ಕುಡಿಯಲು ಎದ್ದಳು. ಅವಳ ಜೊತೆ ಕೌದಿಯೂ ಎದ್ದಿತು. ತೊಡೆಯ ಮೇಲೆ ಜಾರಿ ಬಿದ್ದಿದ್ದ ಸೆರಗನ್ನು ಕೌದಿಗೆ ಸೇರಿಸಿ ಮೊಳದುದ್ದ ಹೊಲಿದುಬಿಟ್ಟಿದ್ದಳು!

ಬಾಲಪ್ಪ ನಕ್ಕ ನಗೆಗೆ ಕಟ್ಟೆಯ ಮೇಲಿದ್ದವರೂ ಒಳಗೆ ಬಂದರು. "ಬರ್ರಿ ಬರ್ರಿ, ನೋಡ್ರಿ! ಕುಷ್ಟಗ್ಯಾರಿಗೆ ಕೌದಿ ಸಂಗಾಟ ಹೊಲಿಯಾಕಿನೂ ಪುಕ್ಕಟ!" ಅಂದ. ಅವನ ಕಣ್ಣಲ್ಲಿ ನೀರು ಬಂದಿತ್ತು. ದ್ರಾಕ್ಷಾಯಿಣಿಯ ಕಣ್ಣಲ್ಲೂ ಬಂದಿತ್ತು, ಅದು ಬೇರೆ ನೀರು. ಓಡಿಹೋಗೋಣವೆಂದರೆ ಕೌದಿ ಬಿಡುವಂತಿಲ್ಲ. ಎಳೆದರೆ ಸತ್ತ ಹಿರಿಯಳ ಸೀರೆ ಹರಿಯುತ್ತದೆ, ಆ ಸೀರೆ ಮತ್ತೆ ಬರುವುದಿಲ್ಲ. ಈ ನಗೆಯ ನಡುವೆ ಒಂದೊಂದೇ ಹೊಲಿಗೆ ಬಿಚ್ಚುತ್ತ ನಿಲ್ಲುವುದು ಅವಳಿಂದಾಗಲಿಲ್ಲ. ಬಗ್ಗಿ ಕತ್ತರಿ ತೆಗೆದುಕೊಂಡು, ತನ್ನ ಸೆರಗನ್ನು ಕರಕರನೆ ಕತ್ತರಿಸಿ ಹಾಕಿದಳು. ಯುಗಾದಿಗೆ ಬಾಲಪ್ಪನೇ ತಂದ ಸೀರೆ ಅದು. ನಗು ಪಟ್ಟನೆ ನಿಂತಿತು.

"ಅಯ್ಯ, ಹೊಸಾ ಸೀರಿ!" ಅಂದ ಬಾಲಪ್ಪ.

"ಹೌದು, ನಂದ ಸೀರಿ," ಎಂದು ಅವಳು ಮತ್ತೆ ಕೂತು ತಪ್ಪು ಹೊಲಿಗೆ ಬಿಚ್ಚತೊಡಗಿದಳು.

ಗಾಳೆಮ್ಮ ಟಿವಿ ಬಿಟ್ಟು ಸರಿದು ಬಂದು ಕೌದಿಯನ್ನು ಬೆಳಕಿಗೆ ಎತ್ತಿ ಹಿಡಿದಳು. ಒಂದು ಕಾಲಕ್ಕೆ ಮಂಗಳೂರಿನಲ್ಲಿ ಬಾಣಂತಿಯರಿಗೆಲ್ಲ ಕೌದಿ ಹೊಲಿದವಳು ಅವಳು. ಟಿವಿ ಬಂದ ಮೇಲೆ ಸೂಜಿ ಮುಟ್ಟಿರಲಿಲ್ಲ.

"ಏನಬೇ ಇದು? ಕೋಳಿ ಕೆದರಿದಂಗ ಐತಿ. ಒಂದು ಹೊಲಿಗಿ ಜ್ವಾಳದಷ್ಟು, ಒಂದು ಹುಣಸಿ ಬೀಜದಷ್ಟು. ಇದನ್ನ ಕೊಟ್ಟು ನಮ್ಮ ಮನಿ ಹೆಸರು ಹೇಳ್ತಿಯೇನು?"

"ಹಂಗಾರ ಕೂತು ತೋರಸ್ರಿ ಅತ್ತಿ. ಬರೇ ಬಾಯಿಲೆ ಹೊಲೀಬ್ಯಾಡ್ರಿ."

ಗಾಳೆಮ್ಮ ಒಮ್ಮೆ ಟಿವಿಯ ಕಡೆ ನೋಡಿದಳು. ಮದುಮಗಳು ಇನ್ನೂ ತಲೆ ತಗ್ಗಿಸಿಯೇ ಕೂತಿದ್ದಳು. "ಹಾಳಾಗ್ಲಿ, ಈ ಮದುವಿ ನಾ ಸಾಯೂತನಕ ಮುಗಿಯೂದಿಲ್ಲ," ಎಂದು ಗೊಣಗಿ ಎದುರು ಅಂಚಿನಲ್ಲಿ ಕೂತಳು. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲಲಿಲ್ಲ. ದ್ರಾಕ್ಷಾಯಿಣಿ ಪೋಣಿಸಿ ಕೊಟ್ಟಳು. ದಾರ ಸಿಕ್ಕ ಮೇಲೆ ಮುದುಕಿಯ ಬೆರಳಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ.

ಈಗ ಕೌದಿಯನ್ನು ಮಡಚಿಟ್ಟರೆ ಆಗುವುದಿಲ್ಲ, ಪೂರ್ತಿ ಹಾಸಬೇಕು. ಹಾಸಿದರು. ಬಾಲಪ್ಪನ ಕಾಲು ಮಡಚಬೇಕಾಯಿತು. ಅವನು ರಿಮೋಟು ಹಿಡಿದು ಸೌಂಡು ಏರಿಸಿದ. ಗೋಡೆಯ ಮೇಲಿನ ಕ್ಯಾಲೆಂಡರು ನಡುಗುವಷ್ಟು ಏರಿಸಿದ.

"ಆರಸೋ ಅದನ್ನ," ಅಂದಳು ಗಾಳೆಮ್ಮ.

"ಯಾಕ ಆರಸ್ಲಿ ಯವ್ವಾ? ಟಿವಿ ನಾ ತಂದಿದ್ದು. ಬ್ಯಾಡಾದೋರು ಕೌದಿ ಎತಗೊಂಡು ಹೊರಗ ನಡೀರಿ."

ದ್ರಾಕ್ಷಾಯಿಣಿ ಎದ್ದಳು. ಅವಳಿಗೆ ಆಗ ಅಳು ಇರಲಿಲ್ಲ, ನಾಚಿಕೆಯೂ ಇರಲಿಲ್ಲ. "ಕೌದಿ ಹೊರಗ ಹೋಗೂದಿಲ್ರಿ. ಕೌದಿಗೆ ಪಡಸಾಲಿ ಬೇಕು. ಟಿವಿಗೆ ಮೊಳ ಜಾಗ ಸಾಕು. ಯಾವುದಕ್ಕ ಜಾಗ ಕಡಿಮಿ ಬೇಕೋ ಅದು ಹೊರಗ ಹೋಗ್ಲಿ," ಎಂದವಳೇ ಟಿವಿಯನ್ನು ಎರಡೂ ಕೈಯಲ್ಲಿ ಎತ್ತಿದಳು. ಗಾಳೆಮ್ಮ ಹೋಗಿ ವೈರು ಕಿತ್ತಳು. ಬಾಲಪ್ಪ ಕೈಯಲ್ಲಿ ಬರೀ ರಿಮೋಟು ಹಿಡಿದು ಕೂತ. ಹೆಂಡತಿಯನ್ನು ಬೈಯಬಹುದು, ತಾಯಿಯನ್ನು ಬೈಯಬಹುದು, ಇಬ್ಬರೂ ಒಂದಾದರೆ ಯಾರನ್ನು ಬೈಯುವುದು?

ಕೊಟ್ಟಿಗೆಯಲ್ಲಿ ಬಲ್ಬಿನ ಪಕ್ಕ ಒಂದು ಪ್ಲಗ್ಗಿತ್ತು. ಮರುದಿನ ಡಿಶ್ಶಿನ ವೈರೂ ಅಲ್ಲಿಗೆ ಹೋಯಿತು. ಟಿವಿ ಎಮ್ಮೆ ಮೇವು ತಿನ್ನುವ ಗ್ವಾದಲಿಯ ಪಕ್ಕದ ಕಟ್ಟೆಯ ಮೇಲೆ ಕೂತಿತು. ಮೊಬೈಲಿನಲ್ಲಿ ನೋಡಬಹುದಿತ್ತು, ಆದರೆ ಬಾಲಪ್ಪನಿಗೆ ದೊಡ್ಡ ಪರದೆಯಲ್ಲಿ ಕಿರುಚದ ಸುದ್ದಿ ಸುದ್ದಿಯೇ ಅಲ್ಲ. ಹಾಗಾಗಿ ಸಂಜೆ ಎಮ್ಮೆಯ ಪಕ್ಕ ಸ್ಟೂಲು ಹಾಕಿ ಕೂರುತ್ತಿದ್ದ. ಕೇಳಿದವರಿಗೆ "ಇಲ್ಲಿ ಗಾಳಿ ಛಲೋ ಬರ್ತೈತಿ," ಎನ್ನುತ್ತಿದ್ದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದು ಇದಕ್ಕೇ. ಐತವಾರ ಮಧ್ಯಾಹ್ನ ದ್ರಾಕ್ಷಾಯಿಣಿಯೂ ಅಲ್ಲಿಗೆ ಹೋಗಿ, ಸೆಗಣಿ ಬಳಿದು, ತನ್ನ ಒಂದು ತಾಸು ನೋಡಿ ಎದ್ದು ಬರುತ್ತಿದ್ದಳು. ಸೆರಗು ಕತ್ತರಿಸಿದ ಸೀರೆಯನ್ನು ಬೇಕೆಂತಲೇ ಉಟ್ಟು ನಳಕ್ಕೂ ಕಿರಾಣಿ ಅಂಗಡಿಗೂ ಹೋದಳು. "ಸೆರಗು ಎಲ್ಲಿ ಹೋತು?" ಎಂದು ಯಾರಾದರೂ ಕೆಣಕಿದರೆ, "ಕೆಲಸಕ್ಕ ಹೋಗೈತಿ," ಅನ್ನುತ್ತಿದ್ದಳು.

ಕೌದಿ ಮುಗಿಯಿತು. ಒಂದು ಮೂಲೆ ಮಾತ್ರ ಬಾಯಿ ತೆರೆದಿತ್ತು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಎಂದು ಆ ಕಡೆಯ ಹಿರಿಯರ ಮಾತು. ಗಾಳೆಮ್ಮ ಹೋಳಿಗೆಯ ಚೂರು ತಂದಳು. ಹಿರಿಯಳು ತಾನೇ ಇಡುತ್ತಾಳೆ ಎಂದು ದ್ರಾಕ್ಷಾಯಿಣಿ ಹಿಂದೆ ಸರಿದಳು.

"ಹೊಲಿದಾಕಿ ಉಣಿಸಬೇಕು," ಎಂದು ಗಾಳೆಮ್ಮ ಚೂರನ್ನು ಸೊಸೆಯ ಕೈಯಲ್ಲಿಟ್ಟಳು. ಇಷ್ಟು ವರ್ಷಗಳಲ್ಲಿ ಆ ಅತ್ತೆ ಆಡಿದ ಮಾತುಗಳಲ್ಲಿ ಇದೊಂದು ದ್ರಾಕ್ಷಾಯಿಣಿಯ ಎದೆಗೆ ನೇರ ಇಳಿಯಿತು. ಅವಳು ಕೌದಿಗೆ ಉಣಿಸಿ ಮೂಲೆ ಹೊಲಿದಳು.

ಒಯ್ಯಲು ವಿಜಯಲಕ್ಷ್ಮಿ ತಾನೇ ಕಾರು ಮಾಡಿಕೊಂಡು ಬಂದಳು, ಜೊತೆಗೆ ಹಮೀದಾಬಿ. ಕೌದಿಯ ನಡುವೆ ಇಳಕಲ್ ಸೀರೆಯ ಸೆರಗು ಕೂತಿತ್ತು. ವಿಜಯಲಕ್ಷ್ಮಿ ಅದರ ಮೇಲೆ ಕೈಯಾಡಿಸಿ, "ನಮ್ಮವ್ವ ಹಬ್ಬಕ್ಕ ಉಡತಿದ್ದ ಸೀರಿ ಇದು," ಎಂದು ಅಲ್ಲೇ ಕೂತು ಅತ್ತಳು. ಅತ್ತು ಮುಗಿದ ಮೇಲೆ ದ್ರಾಕ್ಷಾಯಿಣಿಯ ಮೊಂಡು ಸೆರಗು ಕಣ್ಣಿಗೆ ಬಿತ್ತು. "ಇದೇನು?" ಎಂದು ಕೇಳಿದಳು.

ಹಮೀದಾಬಿ ಹೇಳಬೇಡವೆಂದು ಕಣ್ಸನ್ನೆ ಮಾಡಿದಳು. ದ್ರಾಕ್ಷಾಯಿಣಿ ನೋಡಿಯೂ ನೋಡದಂತೆ ಹೇಳಿಯೇಬಿಟ್ಟಳು. "ಟಿವಿ ನೋಡ್ಕೊಂತ ಹೊಲಿದೆ, ನನ್ನ ಸೆರಗೂ ಸೇರಿತ್ರಿ. ನಿಮ್ಮವ್ವನ ಸೀರಿ ಹರೀಬಾರದಂತ ನಂದು ಕತ್ತರಿಸಿದೆ. ಟಿವಿನೂ ಹೊರಗ ಹಾಕೀನಿ."

ವಿಜಯಲಕ್ಷ್ಮಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹಮೀದಾಬಿಗೆ ಹೇಳಿದಳು, "ನಮ್ಮ ಅಕ್ಕ ಕೌದಿಗಂತ ಕೊಟ್ಟ ಗಂಟೂ ಕಾರಿನ್ಯಾಗ ಐತೆಲ್ಲ, ಅದನ್ನ ಈಕೀ ಕೈಯಾಗ ಕೊಡು."

ಕಾರು ಹೋಯಿತು. ಬಾಲಪ್ಪ ಅಷ್ಟೂ ಹೊತ್ತು ಚಹಾ ಕೊಟ್ಟು, "ನಮ್ಮ ಮನ್ಯಾಗ ಮಾಡಿದ್ದು," ಎಂದು ಎರಡು ಸಲ ಹೇಳಿ ಖುಷಿಯಲ್ಲಿದ್ದ. ಸಂಜೆ ಕೊಟ್ಟಿಗೆಗೆ ಹೋಗಿ ಟಿವಿಯನ್ನು ಎದೆಗವಚಿಕೊಂಡು ಬಂದ. "ಆತಲ್ಲ, ನಿನ್ನ ಹಠ ಗೆದ್ತು. ಇನ್ನ ಇದು ತನ್ನ ಜಾಗಕ್ಕ ಬರ್ಲಿ," ಎಂದು ಹೊಸ್ತಿಲ ಒಳಗೆ ಕಾಲಿಡಲು ನೋಡಿದ.

ಕಾಲಿಡಲು ನೆಲವಿರಲಿಲ್ಲ. ಎರಡನೆಯ ಗಂಟಿನ ಸೀರೆಗಳು ಈ ಗೋಡೆಯಿಂದ ಆ ಗೋಡೆಗೆ ಹಾಸಿಕೊಂಡಿದ್ದವು. ಒಂದು ತುದಿಯಲ್ಲಿ ಅವ್ವ, ಒಂದು ತುದಿಯಲ್ಲಿ ಹೆಂಡತಿ, ಧಾರಾವಾಹಿಗೆ ಬರುತ್ತಿದ್ದ ನೆರೆಯವರಲ್ಲಿ ಇಬ್ಬರು ಆಗಲೇ ನಡುವಿನ ಸುಕ್ಕು ಎಳೆಯುತ್ತಿದ್ದರು.

"ಹಠ ಮುಗೀತ್ರಿ," ಅಂದಳು ದ್ರಾಕ್ಷಾಯಿಣಿ ದಾರವನ್ನು ಹಲ್ಲಿನಿಂದ ಕಡಿಯುತ್ತ. "ಇನ್ನ ಇದು ದಂಧೆ. ನಾಳೆನೂ ಇರತೈತಿ, ನಾಡದ್ದೂ ಇರತೈತಿ. ಕೂಡ್ರೂದಿದ್ರ ಅದನ್ನ ಹೊರಗಿಟ್ಟು, ಕಾಲು ತೊಳಕೊಂಡು ಬಂದು ಆ ಮೂಲಿ ಹಿಡೀರಿ."

ಬಾಲಪ್ಪ ಟಿವಿ ಹೊತ್ತು ಹೊಸ್ತಿಲಲ್ಲೇ ನಿಂತ. ತೋಳು ನೋಯತೊಡಗಿತು. ಒಳಗೆ ಯಾರೂ ಅವನ ಕಡೆ ನೋಡುತ್ತಿರಲಿಲ್ಲ.